ಫಾರ್ಮ್ಯಾಟ್ ಹೊಡೆಯುವ ಮೊದಲು

ಪ್ರತಿ ಬೀದಿಯಲ್ಲೂ, ಪ್ರತಿ ನೆಂಟರ ಬಳಗದಲ್ಲೂ ಒಬ್ಬರಾದರೂ ಇರುವ ‘ಕಂಪ್ಯೂಟರ್ ಗೊತ್ತಿರೋ’ ಅಣ್ಣಂದಿರೇ, ಅಕ್ಕಂದಿರೇ, ತಮ್ಮ ತಂಗಿಯರೇ,



ಬಿಡಿಭಾಗ ತಂದು ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸುವವರು ನೀವು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಯಾವ ಮಹಡಿಯ ಯಾವ ಅಂಗಡಿಯಲ್ಲಿ ಚೌಕಾಸಿ ನಡೆಯುತ್ತದೆ ಎಂಬುದು ನಿಮಗೆ ಬಾಯಿಪಾಠ. ಪಕ್ಕದ ಮನೆಯ ಸಿಸ್ಟಂ ಕೈಕೊಟ್ಟರೆ ಅಂಗಡಿಗಿಂತ ಮೊದಲು ಫೋನ್ ಬರುವುದು ನಿಮಗೆ. ಹೋಗುತ್ತೀರಿ, ಕ್ಯಾಬಿನೆಟ್ ಬಿಚ್ಚುತ್ತೀರಿ, ಧೂಳು ಊದುತ್ತೀರಿ, ಕೊಟ್ಟ ಕಾಫಿ ಕುಡಿದು ‘ದುಡ್ಡೆಲ್ಲ ಬೇಡ ಬಿಡಿ ಆಂಟಿ’ ಅಂದು ಬರುತ್ತೀರಿ. ನಾನೂ ಇದೇ ಬಳಗದವನು. ಸಾಗರದಲ್ಲಿ ಕೂತು ಇದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದೇನೆ ಅನ್ನುವುದಷ್ಟೇ ವ್ಯತ್ಯಾಸ. ಆ ಸಲುಗೆಯಲ್ಲಿ ಒಂದು ತಕರಾರು ಮುಂದಿಡುತ್ತೇನೆ. ನೀವು ತೀರಾ ಬೇಗ ಫಾರ್ಮ್ಯಾಟ್ ಹೊಡೆಯುತ್ತೀರಿ.

ಬ್ಲೂ ಸ್ಕ್ರೀನ್ ಬಂತೇ, ಫಾರ್ಮ್ಯಾಟ್. ಗೇಮ್ ಆಡುವಾಗ ತಾನಾಗಿ ಮುಚ್ಚಿಕೊಂಡಿತೇ, ಫಾರ್ಮ್ಯಾಟ್. ಬ್ರೌಸರ್ ಪದೇ ಪದೇ ಬೀಳುತ್ತಿದೆಯೇ, ‘ವೈರಸ್ ಇರ್ಬೇಕು, ಹೊಡೆದುಬಿಡೋಣ’. ವಿಂಡೋಸ್ ಮೇಲೆ ತಪ್ಪು ಹೊರಿಸುವುದು ಸುಲಭ, ಅದು ಎದುರು ಮಾತಾಡುವುದಿಲ್ಲ. ಎಷ್ಟೋ ಸಲ ತಪ್ಪು ಅದರದ್ದೇ ಆಗಿರುತ್ತದೆ ಕೂಡ. ಆದರೆ ಕೈಯಾರೆ ಜೋಡಿಸಿದ ಸಿಸ್ಟಂ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ತಂಟೆ ಮಾಡುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ ಹೋಗಬೇಕು. ಬ್ಲೂ ಸ್ಕ್ರೀನ್‌ನಲ್ಲಿ ಇವತ್ತು ‘ಮೆಮೊರಿ ಮ್ಯಾನೇಜ್‌ಮೆಂಟ್’, ನಾಳೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ನಾಡಿದ್ದು ಮತ್ತೇನೋ ಬರುತ್ತಿದ್ದರೆ, ಹಾಗೆ ಕಾರಣ ಬದಲಾಗುತ್ತಿರುವುದೇ ದೊಡ್ಡ ಸುಳಿವು. ಹಾಳಾದ ಡ್ರೈವರ್ ಸಾಮಾನ್ಯವಾಗಿ ಒಂದೇ ರಾಗ ಹಾಡುತ್ತದೆ.

ಫಾರ್ಮ್ಯಾಟ್ ಹೊಡೆದರೆ ಆಗುವ ನಷ್ಟವೇನು ಅಂತ ಕೇಳಬಹುದು. ಹೆಚ್ಚೆಂದರೆ ಒಂದು ಮಧ್ಯಾಹ್ನ ಹೋಗುತ್ತದೆ ಅಂದುಕೊಂಡಿದ್ದರೆ ಅದು ತಪ್ಪು ಲೆಕ್ಕ. ಹೋದ ಮಳೆಗಾಲದಲ್ಲಿ ಒಬ್ಬ ವಿದ್ಯಾರ್ಥಿನಿಯ ಸಿಸ್ಟಂ ನನ್ನ ಟೇಬಲ್ಲಿಗೆ ಬಂತು. ಅವಳೇ ಜೋಡಿಸಿದ್ದು, ಕೇಬಲ್‌ಗಳನ್ನೆಲ್ಲ ಹಿಂದೆ ಮರೆಮಾಡಿ ಅಚ್ಚುಕಟ್ಟಾಗಿ ಕಟ್ಟಿದ್ದಳು. ‘ಅಣ್ಣಾ, ಎಸ್‌ಎಸ್‌ಡಿನೂ ಹೊಸ್ತು ಹಾಕ್ಸಿದ್ವಿ, ಆದ್ರೂ ಹಾಂಗೇ ಮಾಡ್ತದೆ’ ಅಂದಳು. ಅದಕ್ಕೂ ಮೊದಲು ಸೋದರಮಾವನ ಮಗ ಬಂದು ಫೋಟೋಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಟ್ಟು, ಫಾರ್ಮ್ಯಾಟ್ ಮಾಡಿ ಹೋಗಿದ್ದ. ಆ ಹಾರ್ಡ್‌ಡಿಸ್ಕ್ ತೆರೆದು ನೋಡಿದೆ. ಅವಳ ಅಕ್ಕನ ಮದುವೆಯ ಧಾರೆಯ ಫೋಟೋ. ಮೇಲೆ ಮಂಟಪದ ಮಲ್ಲಿಗೆ ಮಾಲೆ ಸರಿಯಾಗಿದೆ, ಪುರೋಹಿತರ ತಲೆ ಸರಿಯಾಗಿದೆ. ಅಲ್ಲಿಂದ ಕೆಳಗೆ ಇಡೀ ಚಿತ್ರ ಅರ್ಧ ಅಂಗುಲ ಪಕ್ಕಕ್ಕೆ ಜರುಗಿ ಹಸಿರು ಬಣ್ಣಕ್ಕೆ ತಿರುಗಿದೆ. ಮದುಮಗಳ ಮುಖ ಒಂದು ಕಡೆ, ಕುತ್ತಿಗೆ ಇನ್ನೊಂದು ಕಡೆ. ಅದೇ ಫೋಲ್ಡರ್‌ನಲ್ಲಿ ಅಂಥವು ಇನ್ನೂ ಇದ್ದವು.

ಕಾಪಿ ಮಾಡುವ ಪ್ರತಿ ಫೈಲೂ ರ‍್ಯಾಮ್ ಹಾದೇ ಹೋಗುತ್ತದೆ. ಇಲ್ಲಿಂದ ಓದಿ, ಅಲ್ಲಿ ಕ್ಷಣ ಹೊತ್ತು ಇಟ್ಟು, ಆಚೆ ಬರೆಯುವುದು. ಆ ಕ್ಷಣದಲ್ಲಿ ಒಂದು ಬಿಟ್ ತಿರುಗಿದರೆ ಕಾಪಿ ಹಾಳು, ಮತ್ತು ಯಾವ ಸಂದೇಶವೂ ಬರುವುದಿಲ್ಲ. ಅದಾದ ಮೇಲೆ ಅಸಲನ್ನು ಫಾರ್ಮ್ಯಾಟ್ ಅಳಿಸಿಹಾಕಿತು. ಹೊಸದಾಗಿ ಹಾಕಿದ ವಿಂಡೋಸ್ ಕೂಡ ಅದೇ ರ‍್ಯಾಮ್ ಮೂಲಕವೇ ಡಿಸ್ಕಿಗೆ ಇಳಿದದ್ದು, ಹಾಗಾಗಿ ಅದೂ ಹುಟ್ಟುತ್ತಲೇ ರೋಗಿ. ಕೆಟ್ಟ ರ‍್ಯಾಮ್ ಇರುವ ಸಿಸ್ಟಂನಲ್ಲಿ ಬ್ಯಾಕಪ್ ತೆಗೆಯುವುದೂ ಅಪಾಯ, ಫಾರ್ಮ್ಯಾಟ್ ಮಾಡುವುದೂ ಅಪಾಯ. ಡಿಸ್ಕ್ ಬಿಚ್ಚಿ ಬೇರೆ ಸಿಸ್ಟಂಗೆ ಹಾಕಿ ಕಾಪಿ ತೆಗೆಯಬೇಕು. ಇನ್ನೇನು ಮರೆತರೂ ಇದೊಂದನ್ನು ಮರೆಯಬೇಡಿ.

ಒಂದೇ ಒಂದು ಬಿಟ್ ತಿರುಗಿದರೆ ಅಂಥದ್ದೇನು ಆದೀತು ಅನ್ನುವವರಿಗೆ ಎರಡು ಉದಾಹರಣೆ. ಕಂಪ್ಯೂಟರ್ ಒಳಗೆ ಬರವಣಿಗೆಯ ‘1’ಕ್ಕೂ ‘9’ಕ್ಕೂ ಇರುವ ಅಂತರ ಒಂದು ಬಿಟ್, ಸಹಕಾರ ಸಂಘದ ಪಟ್ಟಿಯಲ್ಲಿ 10,000 ಇದ್ದದ್ದು 90,000 ಆಗಲು ಅಷ್ಟು ಸಾಕು. ಯೂನಿಕೋಡ್‌ನಲ್ಲಿ ನಮ್ಮ ‘ಗ’ಕ್ಕೂ ‘ಕ’ಕ್ಕೂ ಒಂದೇ ಬಿಟ್ ವ್ಯತ್ಯಾಸ. ಜಮೀನಿನ ಗಡಿ ಎಂದು ಟೈಪ್ ಮಾಡಿದ್ದು ಕಡಿ ಎಂದು ಓದಿಸಿಕೊಂಡೀತು. ಫೋಟೋ ಹಾಳಾದರೆ ಕಣ್ಣಿಗೆ ಕಾಣುತ್ತದೆ, ಲೆಕ್ಕ ಹಾಳಾದರೆ ಕಾಣುವುದೇ ಇಲ್ಲ.

ಈ ಬಿಟ್ ತಿರುಗುವುದಾದರೂ ಯಾಕೆ? ಇವತ್ತಿನ ರ‍್ಯಾಮ್‌ನ ಮೂಲ ಕಲ್ಪನೆ ಐಬಿಎಂನ ರಾಬರ್ಟ್ ಡೆನಾರ್ಡ್ ಅವರದ್ದು, ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಆ ಕೆಪಾಸಿಟರ್ ತೂತಿನ ಕೊಡ ಇದ್ದ ಹಾಗೆ, ತುಂಬಿಸಿದ ಚಾರ್ಜ್ ಸೋರುತ್ತಲೇ ಇರುತ್ತದೆ. ಅದಕ್ಕೇ ಡಿಡಿಆರ್4ನಲ್ಲಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಿಸಬೇಕು. ಚಿಪ್ 85 ಡಿಗ್ರಿ ದಾಟಿದರೆ ಆ ಗಡುವು ಅರ್ಧಕ್ಕೆ ಇಳಿಯುತ್ತದೆ. ಒಂದು 8 ಜಿಬಿ ಸ್ಟಿಕ್‌ನಲ್ಲಿ ಅಂಥ ಕೆಪಾಸಿಟರ್‌ಗಳು 6,871 ಕೋಟಿಗೂ ಹೆಚ್ಚು. ಅವುಗಳಲ್ಲಿ ಒಂದು ಉಳಿದವಕ್ಕಿಂತ ಬೇಗ ಸೋರಿದರೆ ಮುಗಿಯಿತು. ಇಷ್ಟು ಸಂಖ್ಯೆಯಲ್ಲಿ ಇವು ವರ್ಷಗಟ್ಟಲೆ ಸರಿಯಾಗಿ ದುಡಿಯುವುದೇ ನನಗೆ ದೊಡ್ಡ ಸೋಜಿಗ.

‘ಕಾಸ್ಮಿಕ್ ಕಿರಣ ಸಾರ್, ಯಾವತ್ತೋ ಒಂದ್ಸಲ ಆಗತ್ತೆ’ ಎಂದು ಕೈ ತೊಳೆದುಕೊಳ್ಳುವವರೂ ನಮ್ಮಲ್ಲಿದ್ದಾರೆ. ವಿಕಿರಣದಿಂದ ಬಿಟ್ ತಿರುಗುವುದು ಸುಳ್ಳಲ್ಲ. ಚಿಪ್‌ನ ಹೊದಿಕೆಯಲ್ಲೇ ಇದ್ದ ವಿಕಿರಣಶೀಲ ಕಲ್ಮಶದ ಆಲ್ಫಾ ಕಣಗಳು ಈ ಕೆಲಸ ಮಾಡುತ್ತಿವೆ ಎಂದು ಇಂಟೆಲ್‌ನ ತಿಮೋಥಿ ಮೇ ಮತ್ತು ಮರ್ರೇ ವುಡ್ಸ್ 1970ರ ದಶಕದ ಕೊನೆಯಲ್ಲೇ ತೋರಿಸಿದ್ದರು. ಆದರೆ 2009ರಲ್ಲಿ ಗೂಗಲ್‌ನ ಸರ್ವರ್‌ಗಳನ್ನು ಅಭ್ಯಾಸ ಮಾಡಿ ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು ಬರೆದ ಪ್ರಬಂಧ ಬೇರೆಯೇ ಚಿತ್ರ ಕೊಟ್ಟಿತು. ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ಕನಿಷ್ಠ ಒಂದು ದೋಷ ಕಂಡಿತ್ತು, ಮತ್ತು ಬಹುಪಾಲು ದೋಷಗಳು ಆಕಾಶದಿಂದ ಬಂದವಲ್ಲ, ಆ ಸ್ಟಿಕ್ಕಿನದ್ದೇ ಕಾಯಂ ರೋಗ. ಒಮ್ಮೆ ತಪ್ಪಿದ ಸ್ಟಿಕ್ ಮತ್ತೆ ತಪ್ಪುವ ಸಾಧ್ಯತೆ ಬಹಳ ಹೆಚ್ಚು. ಹಾಗಾಗಿ ‘ಒಂದೇ ಎರರ್ ತಾನೆ’ ಎಂಬ ಮಾತು ನಮ್ಮ ಬಾಯಲ್ಲಿ ಬರಬಾರದು. ಪರೀಕ್ಷೆಯಲ್ಲಿ ಪಾಸ್ ಅಂದರೆ ಸೊನ್ನೆ, ಇನ್ನು ಯಾವ ಅಂಕವೂ ಪಾಸ್ ಅಲ್ಲ.

ಈಗ ಕೆಲಸಕ್ಕೆ ಬರೋಣ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಬಯೋಸ್‌ಗೆ ಹೋಗಿ, ಸ್ಟಿಕ್‌ನ ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ವೇಗ ಇದೆಯಲ್ಲ, ಬಹಳಷ್ಟು ಸ್ಟಿಕ್‌ಗಳಲ್ಲಿ ಅದು ಓವರ್‌ಕ್ಲಾಕ್ ವೇಗ. ಡಿಡಿಆರ್4ನ ಅಧಿಕೃತ ವೋಲ್ಟೇಜ್ 1.2, ಎಕ್ಸ್‌ಎಂಪಿ ಹಾಕಿದ ಕೂಡಲೇ ಅದು ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ. ಆ ವೇಗ ತಡೆಯಬೇಕಾದ್ದು ಸ್ಟಿಕ್ ಒಂದೇ ಅಲ್ಲ, ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರ್, ಬೋರ್ಡಿನ ತಾಮ್ರದ ಗೆರೆಗಳು, ಎಲ್ಲವೂ ತಡೆಯಬೇಕು. ಎಕ್ಸ್‌ಎಂಪಿ ತೆಗೆದು ಒಂದು ವಾರ ತೊಂದರೆಯೇ ಬರಲಿಲ್ಲ ಅಂದರೆ ಸ್ಟಿಕ್ ಸತ್ತಿಲ್ಲ, ಓಡುವ ವೇಗ ಅತಿಯಾಗಿದೆ ಅಷ್ಟೇ. ಒಂದು ಮೆಟ್ಟಿಲು ಇಳಿಸಿ ಕೊಡಿ. ಗೇಮ್‌ನಲ್ಲಿ ಎರಡು ಮೂರು ಫ್ರೇಮ್ ಕಡಿಮೆಯಾದರೆ ಹುಡುಗರು ಮುಖ ಗಂಟಿಕ್ಕುತ್ತಾರೆ; ಗಂಟಿಕ್ಕಲಿ.

ಆಮೇಲೆ ಕ್ಯಾಬಿನೆಟ್. ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ ಕೆಲ ಹೊತ್ತು ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಅರ್ಥಿಂಗ್ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಮನೆಯವರು ಹೇಳಿದರೆ ರ‍್ಯಾಮ್ ಬಿಟ್ಟು ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವುದಾದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಸಿಪಿಯು ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಯಾಕೆಂದರೆ ಸಂಕೇತ ಸಾಗುವ ಗೆರೆ ಕೊನೆಯ ಸ್ಲಾಟಿನಲ್ಲಿ ಮುಗಿಯುತ್ತದೆ. ಮೊದಲ ಸ್ಲಾಟಿಗೆ ಹಾಕಿ ಕೊನೆಯದನ್ನು ಖಾಲಿ ಬಿಟ್ಟರೆ ಆ ಬಾಲದ ತುದಿಯಿಂದ ಸಂಕೇತ ಪ್ರತಿಫಲಿಸಿ ಹಿಂದೆ ಬರುತ್ತದೆ. ನಿಧಾನ ವೇಗದಲ್ಲಿ ಇದು ಗೊತ್ತಾಗುವುದಿಲ್ಲ, ವೇಗ ಹೆಚ್ಚಿದಂತೆ ಗೊತ್ತಾಗುತ್ತದೆ.

ಸ್ಟಿಕ್ ಕೂರಿಸುವಾಗ ಕೆಳಗಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಬಂದಿದೆಯೇ ನೋಡಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮನಾಗಿ ಒತ್ತಿ. ಒಂದೇ ಕಡೆ ಕ್ಲಿಪ್ ಇರುವ ಬೋರ್ಡ್‌ಗಳಲ್ಲಿ ಮೋಸ ಹೋಗುವವರು ಜಾಸ್ತಿ. ಕ್ಲಿಪ್ ಇರುವ ಕಡೆ ಟಕ್ ಅನ್ನುತ್ತದೆ, ಇಲ್ಲದ ಕಡೆ ಕೂದಲೆಳೆಯಷ್ಟು ಎತ್ತರದಲ್ಲೇ ನಿಂತಿರುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ಚಿನ್ನದ ಬಣ್ಣದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು.

ರಬ್ಬರಿನಿಂದ ಉಜ್ಜುವ ವಿಚಾರ ಹೇಳದಿದ್ದರೆ ನೀವು ಬಿಡುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಪುಸ್ತಕದ ರಟ್ಟಿಗೇ ಬೂಷ್ಟು ಬರುತ್ತದೆ, ಕರಾವಳಿಯಲ್ಲಿ ಉಪ್ಪಿನ ಗಾಳಿ ಬೇರೆ. ಸ್ಟಿಕ್‌ನ ಅಂಚಿನ ಕಾಂಟ್ಯಾಕ್ಟ್‌ಗಳಲ್ಲಿ ಕೊಳೆ ಕೂರುವುದು ನಿಜ, ಉಜ್ಜಿದ ಕೂಡಲೇ ಸಿಸ್ಟಂ ಆನ್ ಆಗುವುದೂ ನಿಜ. ಆದರೆ ಆ ಚಿನ್ನದ ಲೇಪ ಬಹಳ ತೆಳು. ಪ್ರತಿ ಮಳೆಗಾಲಕ್ಕೂ ಉಜ್ಜುತ್ತಾ ಹೋದರೆ ಒಂದು ದಿನ ಒಳಗಿನ ಲೋಹ ಹೊರಗೆ ಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಣ್ಣ ಬಾಟಲಿ ಇಟ್ಟುಕೊಳ್ಳಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಕೈಗೆ ಏನೂ ಸಿಗದ ಹಳ್ಳಿಯಲ್ಲಿ ಮೆತ್ತನೆಯ ಬಿಳಿ ರಬ್ಬರ್ ಒಂದು ಸಲ ಪರವಾಗಿಲ್ಲ. ಸ್ಯಾಂಡ್‌ಪೇಪರ್ ಹಿಡಿದವರ ಜತೆ ನನಗೆ ಮಾತಿಲ್ಲ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ತಪ್ಪು ತೋರಿಸಿದರೆ ನಂಬಿ, ತಪ್ಪಿಲ್ಲ ಅಂದರೆ ನಂಬಬೇಡಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ ಹಾಕಿ. ಎರಡೂ ಒಂದೇ ಬೇರಿನವು, 1990ರ ದಶಕದಲ್ಲಿ ಕ್ರಿಸ್ ಬ್ರಾಡಿ ಬರೆದ ಪ್ರೋಗ್ರಾಂನಿಂದ ಕವಲೊಡೆದವು. ಮೊದಲನೆಯದು ಈಗ ಪಾಸ್‌ಮಾರ್ಕ್ ಕಂಪನಿಯದು, ಎರಡನೆಯದು ಮುಕ್ತ ತಂತ್ರಾಂಶ. 2022ರಲ್ಲಿ ಬಂದ ಆರನೇ ಆವೃತ್ತಿಯಿಂದ ಹೊಸ ಬೋರ್ಡ್‌ಗಳಲ್ಲೂ ಸಲೀಸಾಗಿ ಓಡುತ್ತದೆ. ಸೆಕ್ಯೂರ್ ಬೂಟ್ ಅಡ್ಡ ಬಂದರೆ ಅಷ್ಟು ಹೊತ್ತು ಆಫ್ ಮಾಡಬೇಕಾಗಬಹುದು. ಹಾಗೆ ಮಾಡುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ರಿಪೇರಿಗೆ ಹೋಗಿ ಬೀಗ ಜಡಿದು ಬಂದವರನ್ನು ಕಂಡಿದ್ದೇನೆ.

ಹತ್ತು ನಿಮಿಷ ಓಡಿಸಿ ‘ಓಕೆ’ ಅನ್ನಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ನೋಡಿ. ಕ್ಯಾಬಿನೆಟ್‌ನ ಬಾಗಿಲು ಮುಚ್ಚಿರಲಿ. ಬಿಚ್ಚಿಟ್ಟು ಫ್ಯಾನ್ ಕೆಳಗೆ ಪರೀಕ್ಷೆ ಮಾಡಿದರೆ ಬಿಸಿಯಾದಾಗ ಮಾತ್ರ ತಪ್ಪುವ ಚಿಪ್ ಜಾಣತನದಿಂದ ಪಾಸಾಗಿಬಿಡುತ್ತದೆ. ಆ ವಿದ್ಯಾರ್ಥಿನಿಯ ಸಿಸ್ಟಂನಲ್ಲಿ ಬೆಳಗಿನ ಜಾವ ಕೆಂಪು ಸಾಲು ಬಂದಿತ್ತು. ಎಂಟು ‘ಎಫ್’ ಇರಬೇಕಾದ ಕಡೆ ಏಳು ‘ಎಫ್’, ಕೊನೆಯಲ್ಲಿ ಒಂದು ‘ಬಿ’. ಅಂದರೆ ಒಂದೇ ಬಿಟ್ ಒಂದರಿಂದ ಸೊನ್ನೆಗೆ ಬಿದ್ದಿದೆ. ಕೆಳಗಿನ ಸಾಲುಗಳಲ್ಲೂ ಅದೇ ಬಿಟ್, ವಿಳಾಸಗಳೂ ಅಕ್ಕಪಕ್ಕದವೇ. ಹೀಗೆ ಒಂದೇ ಜಾಗ, ಒಂದೇ ಬಿಟ್ ಕಂಡರೆ ಒಂದು ಚಿಪ್ ಹೋಗಿದೆ ಎಂದು ಹೆಚ್ಚೂಕಮ್ಮಿ ಧೈರ್ಯವಾಗಿ ಹೇಳಬಹುದು. ಅದೇ, ವಿಳಾಸಗಳು ಎಲ್ಲೆಂದರಲ್ಲಿ ಚೆಲ್ಲಾಡಿ, ಬಿಟ್‌ಗಳೂ ಬೇರೆ ಬೇರೆಯಾಗಿ, ಎಕ್ಸ್‌ಎಂಪಿ ಹಾಕಿದಾಗ ಮಾತ್ರ ಬಂದರೆ ಚಿಪ್ ಬೈಯುವ ಮೊದಲು ವೋಲ್ಟೇಜ್, ವೇಗ, ಕಂಟ್ರೋಲರ್ ಕಡೆ ನೋಡಿ.

ತಪ್ಪು ಬಂತು ಅಂದ ಮಾತ್ರಕ್ಕೆ ಸ್ಟಿಕ್ ಕಿತ್ತು ಬಿಸಾಡುವಂತಿಲ್ಲ. ಒಂದೇ ಸ್ಟಿಕ್, ಒಂದೇ ಸ್ಲಾಟ್. ತಪ್ಪು ಬಂದರೆ ಅದೇ ಸ್ಟಿಕ್ಕನ್ನು ಬೇರೆ ಸ್ಲಾಟಿಗೆ ಹಾಕಿ ಮತ್ತೆ ಓಡಿಸಿ. ತಪ್ಪು ಸ್ಟಿಕ್ಕಿನ ಜತೆ ಹೋದರೆ ಕಳ್ಳ ಸ್ಟಿಕ್. ಸ್ಲಾಟಿನಲ್ಲೇ ಉಳಿದರೆ ಕಳ್ಳ ಬೇರೆ ಕಡೆ ಇದ್ದಾನೆ. ಎಎಂಡಿಯ ಅಥ್ಲಾನ್ 64 ಬಂದ 2003ರಿಂದ, ಇಂಟೆಲ್‌ನಲ್ಲಿ 2008ರ ನೆಹಾಲೆಮ್‌ನಿಂದ, ಮೆಮೊರಿ ಕಂಟ್ರೋಲರ್ ಸಿಪಿಯು ಒಳಗೇ ಕೂತಿದೆ. ಹಾಗಾಗಿ ಸಾಕೆಟ್‌ನ ಒಂದು ಪಿನ್ ಬಗ್ಗಿದ್ದರೆ, ಕೂಲರ್‌ನ ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ಮಾತ್ರ ಬಿಗಿದು ಸಿಪಿಯು ಒಂದು ಕಡೆ ವಾಲಿದ್ದರೆ, ರೋಗ ಕಾಣುವುದು ರ‍್ಯಾಮ್‌ನಲ್ಲಿ. ಮನೆಯಲ್ಲಿ ಜೋಡಿಸಿದ ಸಿಸ್ಟಂಗಳಲ್ಲಿ ಇದನ್ನು ಬಹಳ ನೋಡಿದ್ದೇನೆ. ಒಂದು ಚಾನೆಲ್‌ನ ಎರಡೂ ಸ್ಲಾಟ್ ಸತ್ತಿವೆ ಅಂದರೆ ಬೋರ್ಡ್ ಹಿಂದಿರುಗಿಸುವ ಮೊದಲು ಕೂಲರ್ ಬಿಚ್ಚಿ, ಟಾರ್ಚ್ ಹಿಡಿದು ಸಾಕೆಟ್ ನೋಡಿ.

ಇನ್ನೊಂದು ಜಾತಿಯ ಕೇಸಿದೆ. ಒಂದೊಂದಾಗಿ ಹಾಕಿದರೆ ಎಲ್ಲ ಸ್ಟಿಕ್‌ಗಳೂ ಪಾಸ್, ಒಟ್ಟಿಗೆ ಹಾಕಿದರೆ ಫೇಲ್. ಎರಡು ವರ್ಷದ ಹಿಂದೆ ಕೊಂಡ ಜೋಡಿಗೆ ‘ಅದೇ ಮಾಡೆಲ್’ ಎಂದು ಇನ್ನೊಂದು ಜೋಡಿ ತಂದು ಸೇರಿಸಿದವರ ಮನೆಯ ಕಥೆ ಇದು. ಸ್ಟಿಕ್ಕರ್ ಒಂದೇ ಇದ್ದರೂ ಒಳಗಿನ ಚಿಪ್ ಒಂದರಲ್ಲಿ ಸ್ಯಾಮ್‌ಸಂಗ್, ಇನ್ನೊಂದರಲ್ಲಿ ಹೈನಿಕ್ಸ್ ಇರಬಹುದು. ಡಿಡಿಆರ್5ನಲ್ಲಂತೂ ನಾಲ್ಕು ಸ್ಟಿಕ್ ತುಂಬಿಸುವುದೇ ಕಷ್ಟ. ರೈಜನ್ 7000 ಸರಣಿಗೆ ಎರಡು ಸ್ಟಿಕ್ ಇದ್ದರೆ 5200 ತನಕ ಎಂದು ಹೇಳುವ ಎಎಂಡಿ, ನಾಲ್ಕು ಹಾಕಿದರೆ 3600 ಮಾತ್ರ ಎಂದು ತಾನೇ ಬರೆದಿದೆ. 6000ದ ಸ್ಟಿಕ್ ನಾಲ್ಕು ತಂದು ಎಕ್ಸ್‌ಪೋ ಒತ್ತಿದರೆ ಗಲಾಟೆ ಆಗದೆ ಇನ್ನೇನು? ಹೆಚ್ಚು ಬೇಕಿದ್ದರೆ ದೊಡ್ಡ ಸ್ಟಿಕ್ ಎರಡು ಕೊಡಿಸಿ.

ಡಿಡಿಆರ್5ರ ಬಗ್ಗೆ ಇನ್ನೆರಡು ಮಾತು. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ಸ್ಟಿಕ್‌ಗಳ ಜತೆ ಹೊಂದಾಣಿಕೆ ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಪರದೆ ಕಪ್ಪು, ಬೋರ್ಡಿನ ಡಿರ‍್ಯಾಮ್ ದೀಪ ಉರಿಯುತ್ತಿರುತ್ತದೆ. ಗಾಬರಿಯಾಗಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಎದ್ದು ಹೋಗಿ ಊಟ ಮಾಡಿ ಬನ್ನಿ. ಎರಡನೆಯದು, ‘ಡಿಡಿಆರ್5ನಲ್ಲಿ ಇಸಿಸಿ ಇದ್ದೇ ಇದೆ’ ಎಂದು ಅಂಗಡಿಯಲ್ಲಿ ಹೇಳುವುದು ಅರ್ಧ ಸತ್ಯ. ಇಸಿಸಿ ಅಂದರೆ ಬಿಟ್ ತಪ್ಪನ್ನು ತಾನೇ ತಿದ್ದುವ ಏರ್ಪಾಡು, ಆದರೆ ಡಿಡಿಆರ್5ರದ್ದು ಚಿಪ್‌ನ ಒಳಗಿನ ತಪ್ಪನ್ನು ಮಾತ್ರ ತಿದ್ದುತ್ತದೆ. ಚಿಪ್‌ನಿಂದ ಸಿಪಿಯು ತನಕ ಬರುವ ದಾರಿಯಲ್ಲಿ ಆಗುವ ತಪ್ಪು ಅದಕ್ಕೆ ಕಾಣುವುದಿಲ್ಲ, ಒಳಗೆ ಎಷ್ಟು ತಿದ್ದಿದೆ ಎಂದು ನಿಮಗೆ ತಿಳಿಸುವುದೂ ಇಲ್ಲ. ಪೂರ್ತಿ ಇಸಿಸಿ ಅಂದರೆ ಡಿಡಿಆರ್4ನಲ್ಲಿ 64 ಬಿಟ್‌ಗೆ 8 ಬಿಟ್ ಕಾವಲು. ಒಂದು ಬಿಟ್ ತಿರುಗಿದರೆ ತಿದ್ದುತ್ತದೆ, ಎರಡು ತಿರುಗಿದರೆ ಕೂಗಿ ಹೇಳುತ್ತದೆ. ಇದು ಸಾಮಾನ್ಯರ ಕಂಪ್ಯೂಟರ್‌ಗೆ ಸಿಗದಂತಾಗಲು ಇಂಟೆಲ್‌ನ ನೀತಿಯೇ ಕಾರಣ ಎಂದು ಲಿನಕ್ಸ್‌ನ ಲಿನಸ್ ಟೋರ್ವಾಲ್ಡ್ಸ್ 2021ರಲ್ಲಿ ಖಾರವಾಗಿ ಬರೆದರು. 2022ರ ಅಕ್ಟೋಬರ್‌ನಲ್ಲಿ ಅವರದ್ದೇ ಸಿಸ್ಟಂ ಕೈಕೊಟ್ಟಿತು. ಕರ್ನಲ್ ಕಂಪೈಲ್ ಮಾಡುವಾಗ ಎಲ್ಲೆಲ್ಲೋ ತಪ್ಪು. ಕೊನೆಗೆ ಸಿಕ್ಕಿದ್ದು ಎರಡೂವರೆ ವರ್ಷ ಸುಮ್ಮನೆ ದುಡಿದಿದ್ದ, ಇಸಿಸಿ ಇಲ್ಲದ ಒಂದು ಸ್ಟಿಕ್. ಅಂಥವರ ಮನೆಯಲ್ಲೇ ಹೀಗೆ. ಲೆಕ್ಕಪತ್ರ, ಸ್ಟುಡಿಯೋ, ವಕೀಲರ ಕಚೇರಿಗೆ ಸಿಸ್ಟಂ ಜೋಡಿಸುವಾಗ ಇಸಿಸಿಗೆ ಒಪ್ಪುವ ಬೋರ್ಡ್ ಸಿಗುತ್ತದೆಯೇ ಎಂದು ಒಮ್ಮೆಯಾದರೂ ಹುಡುಕಿ. ರೈಜನ್‌ನ ಕಡೆ ಅಂಥ ಬೋರ್ಡ್‌ಗಳು ಇವೆ.

ಕೆಟ್ಟದ್ದು ಸ್ಟಿಕ್ಕೇ ಎಂದು ಖಚಿತವಾದರೆ ಮೆಮ್‌ಟೆಸ್ಟ್ ಪರದೆಯ ಫೋಟೋ ತೆಗೆದಿಡಿ, ಬಿಲ್ ಹುಡುಕಿಸಿ. ಹೆಸರಾಂತ ಕಂಪನಿಗಳು ರ‍್ಯಾಮ್‌ಗೆ ದೀರ್ಘ ವಾರಂಟಿ ಕೊಡುತ್ತವೆ, ಎಷ್ಟೋ ಸ್ಟಿಕ್‌ಗಳಿಗೆ ಜೀವಾವಧಿ. ಸೀರಿಯಲ್ ನಂಬರಿನ ಸ್ಟಿಕ್ಕರ್ ಕಿತ್ತರೆ ಅದು ಕಸ. ಜೋಡಿಯಾಗಿ ಕೊಂಡದ್ದನ್ನು ಜೋಡಿಯಾಗಿಯೇ ಕಳಿಸಿ, ಒಂದೇ ಬದಲಾಗಿ ಬಂದರೆ ಮೇಲೆ ಹೇಳಿದ ಬೆರಕೆ ಕಥೆ ಶುರುವಾಗುತ್ತದೆ.

ಇದನ್ನೆಲ್ಲ ಈಗಲೇ ಬರೆಯಲು ಕಾರಣವಿದೆ. ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿತು. ಕ್ರೂಷಿಯಲ್ ಹೆಸರಿನಲ್ಲಿ ನಮಗೆಲ್ಲ ಸ್ಟಿಕ್ ಮಾರುತ್ತಿದ್ದ ಮೈಕ್ರಾನ್ ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಹೇಳಿತು. ಇನ್ನು ಮೇಲೆ ನಿಮ್ಮನ್ನು ಕರೆಯುವವರ ಮನೆಗಳಲ್ಲಿ ಸೆಕೆಂಡ್ ಹ್ಯಾಂಡ್ ಸ್ಟಿಕ್ ಹೆಚ್ಚು ಕಾಣಿಸುತ್ತವೆ, ಹಳೇ ಡಿಡಿಆರ್4 ಮತ್ತೆ ಮತ್ತೆ ಕೈ ಬದಲಾಯಿಸುತ್ತದೆ. ಯಾರದ್ದೋ ಸಿಸ್ಟಂನಿಂದ ಬ್ಲೂ ಸ್ಕ್ರೀನ್ ಕೊಡುತ್ತದೆ ಅಂತಲೇ ಕಿತ್ತು ಮಾರಿದ ಸ್ಟಿಕ್ ಕೂಡ ಅದರಲ್ಲಿ ಇರುತ್ತದೆ. ಮಾರುವವರ ಎದುರಿಗೇ ಪೆನ್‌ಡ್ರೈವ್ ಹಾಕಿ ಒಂದು ಪೂರ್ತಿ ಸುತ್ತು ಓಡಿಸಿ, ಆಮೇಲೆ ದುಡ್ಡು ಕೊಡಿಸಿ. ಅಷ್ಟು ಹೊತ್ತು ಕಾಯಲು ಆಗುವುದಿಲ್ಲ ಅಂದರೆ ಎರಡು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ.

ಇಂತಿ,
ನಿಮ್ಮ ಬಳಗದ ಒಬ್ಬ ರಿಪೇರಿಯವ,
ಸಾಗರ